12 ಜಿಬಿ ಫೈಲು, 8 ಜಿಬಿ ಲ್ಯಾಪ್‌ಟಾಪು: ತುತ್ತು ತುತ್ತಾಗಿ ಓದೋದು ಹೇಗೆ?

ನಮ್ಮಲ್ಲಿ ಬಹಳ ಜನರ ಲ್ಯಾಪ್‌ಟಾಪಿನಲ್ಲಿ ಇರೋದು 8 ಜಿಬಿ ರ‍್ಯಾಮ್. ಆಪರೇಟಿಂಗ್ ಸಿಸ್ಟಂ, ಬ್ರೌಸರ್ ಎಲ್ಲಾ ತಮ್ಮ ತಮ್ಮ ಪಾಲು ತಗೊಂಡ ಮೇಲೆ ನಮ್ಮ ಕೆಲಸಕ್ಕೆ ಉಳಿಯೋದು ಮೂರೋ ನಾಲ್ಕೋ ಜಿಬಿ. ಆದರೆ ಪ್ರಾಜೆಕ್ಟಿಗೆ ಸಿಗೋ ಡೇಟಾ ಫೈಲು ನಮ್ಮ ಲ್ಯಾಪ್‌ಟಾಪ್ ಎಷ್ಟು ದೊಡ್ಡದು ಅಂತ ಕೇಳಿಕೊಂಡು ಬರಲ್ಲ. ಆಗ ಸುಲಭವಾಗಿ ಸಿಗೋ ಸಲಹೆ ಒಂದೇ: "ರ‍್ಯಾಮ್ ಹಾಕಿಸ್ಕೋ." ದುಡ್ಡಿದ್ದರೆ ಹಾಕಿಸಿಕೊಳ್ಳಬಹುದು. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಪ್ರೋಗ್ರಾಮಿಂಗಿಗೂ ಸಲ್ಲತ್ತೆ. ಈ ಲೇಖನದಲ್ಲಿ ನಾವು ಒಂದೇ ಒಂದು ಉದಾಹರಣೆ ಹಿಡಿದುಕೊಂಡು, ದೊಡ್ಡ ಬೈನರಿ ಫೈಲನ್ನ ಚಿಕ್ಕ ಮೆಮೊರಿಯಲ್ಲಿ ಸರಿಯಾಗಿ ಓದೋದು ಹೇಗೆ ಅಂತ ಹೆಜ್ಜೆ ಹೆಜ್ಜೆಯಾಗಿ ನೋಡೋಣ. "ಸರಿಯಾಗಿ" ಅನ್ನೋ ಪದ ಮುಖ್ಯ. ಪ್ರೋಗ್ರಾಂ ಕ್ರ್ಯಾಶ್ ಆದರೆ ನಮಗೆ ಗೊತ್ತಾಗತ್ತೆ. ತಪ್ಪು ಉತ್ತರ ಕೊಟ್ಟು ಸುಮ್ಮನಿದ್ದರೆ ಗೊತ್ತಾಗಲ್ಲ.

1. ಮೊದಲು ಲೆಕ್ಕ, ಆಮೇಲೆ ಕೋಡು

ಒಂದು ಬೇರಿಂಗನ್ನ ಅದು ಹಾಳಾಗೋವರೆಗೂ ಓಡಿಸೋ ಪರೀಕ್ಷೆ ಅಂತ ಇಟ್ಟುಕೊಳ್ಳೋಣ. ನಾಲ್ಕು ಕಂಪನ ಸೆನ್ಸರ್‌ಗಳು, ಅಂದ್ರೆ ನಾಲ್ಕು ಚಾನೆಲ್. ಪ್ರತಿ ಚಾನೆಲ್ ಸೆಕೆಂಡಿಗೆ 51,200 ಸ್ಯಾಂಪಲ್. ಕಂಪನ ಅಳೆಯೋ ಉಪಕರಣಗಳಲ್ಲಿ ಈ ಸಂಖ್ಯೆ ಆಗಾಗ ಕಾಣಿಸತ್ತೆ. 20,000 ಹರ್ಟ್ಸ್‌ವರೆಗೆ ನೋಡಬೇಕಾದರೆ ಅದರ 2.56 ಪಟ್ಟು. ಪ್ರತಿ ಸ್ಯಾಂಪಲ್ 16 ಬಿಟ್, ಅಂದ್ರೆ 2 ಬೈಟ್. ಪರೀಕ್ಷೆ ನಡೆದದ್ದು 8 ಗಂಟೆ.

ಒಂದು ಸೆಕೆಂಡಿಗೆ: 51,200 × 4 × 2 = 4,09,600 ಬೈಟ್.
8 ಗಂಟೆಗೆ, ಅಂದ್ರೆ 28,800 ಸೆಕೆಂಡಿಗೆ: 1179,64,80,000 ಬೈಟ್. ಸುಮಾರು 11.8 ಜಿಬಿ.

ಇಷ್ಟೇ ಆಗಿದ್ದರೆ "8 ಜಿಬಿ ಸಾಲದು, 16 ಜಿಬಿ ಆದ್ರೆ ಸಾಕು" ಅನ್ನಬಹುದಿತ್ತು. ಆದರೆ ಮ್ಯಾಟ್‌ಲ್ಯಾಬ್‌ನ ಎಫ್‌ರೀಡ್ ಫಂಕ್ಷನ್‌ಗೆ "16 ಬಿಟ್ ಇಂಟಿಜರ್ ಓದು" ಅಂತ ಹೇಳಿದರೆ, ಅದು ಓದೋದು 16 ಬಿಟ್ ಇಂಟಿಜರನ್ನೇ. ವಾಪಸ್ ಕೊಡೋದು ಮಾತ್ರ ಡಬಲ್. ಡಬಲ್ ಅಂದ್ರೆ 8 ಬೈಟ್. ಎರಡು ಬೈಟಿನ ಸ್ಯಾಂಪಲ್ ಎಂಟು ಬೈಟ್ ಆಯ್ತು. 11.8 ಜಿಬಿ ಫೈಲು ಮೆಮೊರಿಯಲ್ಲಿ 47 ಜಿಬಿ ಆಯ್ತು! 16 ಅಲ್ಲ, 32 ಜಿಬಿ ಹಾಕಿಸಿದರೂ ಹಿಡಿಯಲ್ಲ. ಇದಕ್ಕೆ ಪರಿಹಾರ ಚಿಕ್ಕದು: ಇಂಟ್16 ಅಂತ ಬರೆಯೋವಾಗ ಅದರ ಎಡಕ್ಕೆ ಒಂದು ನಕ್ಷತ್ರ ಚಿಹ್ನೆ ಹಾಕಿದರೆ, ಓದಿದ ಟೈಪಲ್ಲೇ ವಾಪಸ್ ಕೊಡತ್ತೆ. ಇಷ್ಟಕ್ಕೇ ಮೆಮೊರಿ ನಾಲ್ಕನೇ ಒಂದು ಭಾಗಕ್ಕೆ ಇಳಿಯತ್ತೆ.

ಆದ್ದರಿಂದ ಮೊದಲ ಪಾಠ: ಫೈಲ್ ಎಷ್ಟು ದೊಡ್ಡದು ಅನ್ನೋದಷ್ಟೇ ಅಲ್ಲ, ಮೆಮೊರಿಗೆ ಬಂದ ಮೇಲೆ ಅದು ಎಷ್ಟಾಗತ್ತೆ ಅನ್ನೋದನ್ನೂ ಪೇಪರ್ ಮೇಲೆ ಲೆಕ್ಕ ಹಾಕಬೇಕು.

2. ಫೈಲಿಗೆ ಕೈ ಹಾಕೋ ಮುಂಚೆ

ಹಾಳಾಗೋವರೆಗೂ ಓಡಿಸಿದ ಬೇರಿಂಗನ್ನ ಇನ್ನೊಮ್ಮೆ ಹಾಗೇ ಓಡಿಸೋಕೆ ಆಗಲ್ಲ. ಇರೋ ದಾಖಲೆ ಈ ಫೈಲೊಂದೇ. ಹಾಗಾಗಿ ಯಾವಾಗಲೂ ಓದಲು ಮಾತ್ರ ಅನ್ನೋ ಮೋಡಲ್ಲೇ ತೆರೀಬೇಕು. ಬರೆಯೋ ಮೋಡಲ್ಲಿ, ಅಂದ್ರೆ ಡಬ್ಲ್ಯು ಅಂತ ಕೊಟ್ಟು ತೆರೆದರೆ, ತೆರೆದ ಕ್ಷಣವೇ ಫೈಲು ಸೊನ್ನೆ ಬೈಟ್ ಆಗತ್ತೆ. ನಂಪೈ ಬಳಸೋರು ಇನ್ನೂ ಹುಷಾರಾಗಿರಬೇಕು: ಅದರ ಮೆಮ್‌ಮ್ಯಾಪ್‌ಗೆ ಏನೂ ಹೇಳದಿದ್ದರೆ ಓದು-ಬರಹ ಎರಡೂ ಇರೋ ಮೋಡಲ್ಲಿ ತೆರೆಯತ್ತೆ. ನಾವು ಅರೇಯಲ್ಲಿ ಒಂದು ಬೆಲೆ ಬದಲಿಸಿದರೆ ಡಿಸ್ಕಿನಲ್ಲಿರೋ ಮೂಲ ಫೈಲೇ ಬದಲಾಗತ್ತೆ. ಆರ್ ಅಂತ ಸ್ಪಷ್ಟವಾಗಿ ಕೊಡಿ.

ವಿಂಡೋಸ್‌ನಲ್ಲಿ ಸಿ ಬರೆಯೋರಿಗೆ ಇನ್ನೊಂದು ಮಾತು. ಆರ್ ಜೊತೆ ಬಿ ಸೇರಿಸಿ, ಅಂದ್ರೆ ಬೈನರಿ ಅಂತ ಹೇಳಿಯೇ ತೆರೆಯಬೇಕು. ಇಲ್ಲದಿದ್ದರೆ ಅದು ಟೆಕ್ಸ್ಟ್ ಅಂದುಕೊಂಡು, 26 ಅನ್ನೋ ಬೆಲೆಯ ಬೈಟ್ ಸಿಕ್ಕ ಕೂಡಲೇ "ಫೈಲ್ ಮುಗೀತು" ಅಂತ ನಿಲ್ಲಬಹುದು. ಕಂಪನದ ಡೇಟಾದಲ್ಲಿ 26 ಬರದೇ ಇರತ್ತಾ?

ಪೆನ್‌ಡ್ರೈವ್ ವಿಷಯವನ್ನೂ ಇಲ್ಲೇ ಹೇಳಿಬಿಡೋಣ. ಫ್ಯಾಟ್32 ಫಾರ್ಮ್ಯಾಟಿನಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ನಮ್ಮ ಲೆಕ್ಕದಲ್ಲಿ 2 ಗಂಟೆ 54 ನಿಮಿಷದ ಡೇಟಾ ಅಷ್ಟೇ. ಪೆನ್‌ಡ್ರೈವ್ 64 ಜಿಬಿ ಇದ್ದರೂ ಇದೇ ಮಿತಿ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿಕೊಂಡರೆ ಸರಿಹೋಗತ್ತೆ.

3. ಬೈಟುಗಳ ಪರಿಚಯ

ಟೆಕ್ಸ್ಟ್ ಫೈಲನ್ನ ತೆರೆದರೆ ಒಳಗೇನಿದೆ ಅಂತ ಕಾಣತ್ತೆ. ಬೈನರಿ ಫೈಲು ಹಾಗಲ್ಲ, ಬರೀ ಬೈಟುಗಳ ಸಾಲು. ಅರ್ಥ ಕೊಡೋರು ನಾವು. ಮೂರು ವಿಷಯ ಗೊತ್ತಿರಲೇಬೇಕು.

ಒಂದು, ಹೆಡರ್. ಡೇಟಾ ಶುರುವಾಗೋ ಮುಂಚೆ ಉಪಕರಣ ತನ್ನ ಮಾಹಿತಿ ಬರೆದಿರತ್ತೆ. ನಮ್ಮ ಉದಾಹರಣೆಯಲ್ಲಿ ಅದು 512 ಬೈಟ್ ಅಂತಿರಲಿ. ಎಫ್‌ಸೀಕ್ ಬಳಸಿ ಅಷ್ಟನ್ನು ದಾಟಿಕೊಂಡು ಹೋಗಬೇಕು.

ಎರಡು, ಬೈಟುಗಳ ಕ್ರಮ. 1 ಅನ್ನೋ ಸಂಖ್ಯೆಯನ್ನ ಲಿಟಲ್ ಎಂಡಿಯನ್ ಯಂತ್ರ 01 00 ಅಂತ ಬರೆಯತ್ತೆ. ಅದನ್ನೇ ಬಿಗ್ ಎಂಡಿಯನ್ ಅಂತ ಓದಿದರೆ 256 ಸಿಗತ್ತೆ. ಇದು ತಪ್ಪಾದರೆ ಗೊತ್ತಾಗೋದು ಸುಲಭ: ಮೊದಲ ಒಂದು ಸೆಕೆಂಡನ್ನ ಪ್ಲಾಟ್ ಮಾಡಿದರೆ ಮೇಲಿಂದ ಕೆಳಗಿನವರೆಗೂ ಬರೀ ಗದ್ದಲ ಕಾಣತ್ತೆ.

ಮೂರು, ಚಾನೆಲ್‌ಗಳ ಜೋಡಣೆ. ಸಾಮಾನ್ಯವಾಗಿ 1, 2, 3, 4, ಮತ್ತೆ 1, 2, 3, 4 ಅಂತ ಹೆಣೆದಿರುತ್ತಾರೆ, ಹೂವಿನ ಮಾಲೆ ಕಟ್ಟಿದ ಹಾಗೆ. ಇಲ್ಲಿರೋ ಅಪಾಯ ಸದ್ದಿಲ್ಲದ್ದು. ಹೆಡರ್ 512ರ ಬದಲು 510 ಅಂದುಕೊಂಡರೆ ಗ್ರಾಫ್ ಚೆನ್ನಾಗೇ ಕಾಣತ್ತೆ, ಸಂಖ್ಯೆಗಳೂ ಸರಿಯಾಗೇ ಇರುತ್ತವೆ. ಆದರೆ ಒಂದನೇ ಚಾನೆಲ್‌ನ ಹೆಸರಿನಲ್ಲಿ ನಾವು ನೋಡ್ತಿರೋದು ನಾಲ್ಕನೆಯದರ ಡೇಟಾ. ಹಾಳಾಗಿರೋ ಬೇರಿಂಗ್ ಎಡಗಡೆದು, ವರದಿಯಲ್ಲಿ ಬಿಚ್ಚಿ ಅಂತ ಬರೆದಿರೋದು ಬಲಗಡೆದು!

ಇದಕ್ಕೊಂದು ಸರಳ ಪರೀಕ್ಷೆ: ಫೈಲಿನ ಒಟ್ಟು ಬೈಟುಗಳಿಂದ ಹೆಡರ್ ಕಳೆದು 8ರಿಂದ ಭಾಗಿಸಿ. ನಾಲ್ಕು ಚಾನೆಲ್, ತಲಾ 2 ಬೈಟ್, ಹಾಗಾಗಿ 8. ಶೇಷ ಸೊನ್ನೆ ಬರಲೇಬೇಕು. ಬರದಿದ್ದರೆ ಹೆಡರ್ ಅಂದಾಜು ತಪ್ಪು, ಇಲ್ಲವೇ ಫೈಲು ಅರ್ಧಕ್ಕೆ ನಿಂತಿದೆ. 510 ಅಂದುಕೊಂಡಿದ್ದರೆ ಶೇಷ 2 ಬಂದು ಸಿಕ್ಕಿಬೀಳುತ್ತಿತ್ತು. ಹೆಡರನ್ನ ಸರಿಯಾಗಿ 8 ಬೈಟ್ ತಪ್ಪಿಸಿದರೆ ಮಾತ್ರ ಈ ಪರೀಕ್ಷೆ ಹಿಡಿಯಲ್ಲ. ಆಗ ಉಪಕರಣದ ಕೈಪಿಡಿಯೇ ಗತಿ.

4. ತುತ್ತಿನ ಗಾತ್ರ

ಇಂಗ್ಲಿಷಿನವರು ಚಂಕ್ ಅನ್ನೋದನ್ನ ನಾವು ತುತ್ತು ಅನ್ನೋಣ. ಒಮ್ಮೆ ಬಾಯಿಗೆ ಹಿಡಿಸುವಷ್ಟು ತಗೊಂಡು, ಅಗಿದು, ನುಂಗಿ, ಆಮೇಲೆ ಮುಂದಿನದು. ಒಂದು ತುತ್ತು 10 ಸೆಕೆಂಡಿನ ಡೇಟಾ ಅಂತ ಇಟ್ಟುಕೊಂಡರೆ ಚಾನೆಲ್‌ಗೆ 5,12,000 ಸ್ಯಾಂಪಲ್, ಒಟ್ಟು 40,96,000 ಬೈಟ್, ಅಂದ್ರೆ ಸುಮಾರು 4 ಎಂಬಿ. ಲೆಕ್ಕಕ್ಕಾಗಿ ಡಬಲ್‌ಗೆ ಬದಲಿಸಿದರೆ 16 ಎಂಬಿ. ಫಿಲ್ಟರ್ ಆದ ಮೇಲಿನ ಪ್ರತಿ ಇನ್ನೊಂದು 16, ವರ್ಗ ಮಾಡಿದ ಪ್ರತಿ ಮತ್ತೊಂದು 16. ಎಲ್ಲಾ ಸೇರಿ 60 ಎಂಬಿಯೊಳಗೆ. 2,880 ತುತ್ತಿಗೆ ಫೈಲು ಮುಗಿಯತ್ತೆ, ಮೊದಲ ತುತ್ತಿಗೆ ಬೇಕಾದಷ್ಟೇ ಮೆಮೊರಿ ಕೊನೆಯದಕ್ಕೂ ಸಾಕು. ಸೆಕೆಂಡಿಗೆ 100 ಎಂಬಿ ಓದೋ ಹಾರ್ಡ್ ಡಿಸ್ಕ್ ಆದರೆ ಓದೋದಕ್ಕೆ ಹಿಡಿಯೋ ಸಮಯ ಎರಡೇ ನಿಮಿಷ.

ತುತ್ತು ತೀರಾ ಚಿಕ್ಕದಾದರೆ ಫಂಕ್ಷನ್ ಕರೆಯೋದರಲ್ಲೇ ಸಮಯ ಹೋಗತ್ತೆ. ತೀರಾ ದೊಡ್ಡದಾದರೆ ಆಪರೇಟಿಂಗ್ ಸಿಸ್ಟಂ ರ‍್ಯಾಮಿನಲ್ಲಿರೋದನ್ನ ಡಿಸ್ಕಿಗೆ ಎತ್ತಿಡೋಕೆ ಶುರುಮಾಡತ್ತೆ. ಆಗ ಮೌಸ್ ಕೂಡ ಅಲ್ಲಾಡಲ್ಲ. ಕೆಲವು ಎಂಬಿಯಿಂದ ಕೆಲವು ಹತ್ತು ಎಂಬಿವರೆಗೆ ಒಳ್ಳೆಯ ಜಾಗ.

ಮ್ಯಾಟ್‌ಲ್ಯಾಬ್ ಮತ್ತು ಆಕ್ಟೇವ್ ಅರೇಯನ್ನ ಕಂಬಸಾಲಿನ ಪ್ರಕಾರ ತುಂಬುತ್ತವೆ. ಹಾಗಾಗಿ ಎಫ್‌ರೀಡ್‌ಗೆ 4 ಅಡ್ಡಸಾಲು, 5,12,000 ಕಂಬಸಾಲು ಅಂತ ಕೇಳಿದರೆ ಪ್ರತಿ ಅಡ್ಡಸಾಲು ಒಂದು ಚಾನೆಲ್ ಆಗಿ ತಾನೇ ಬಿಡಿಸಿಕೊಂಡು ಬರತ್ತೆ. ನಂಪೈ ಇದಕ್ಕೆ ಉಲ್ಟಾ: ಅಡ್ಡಸಾಲಿಗೆ 4 ಇಟ್ಟರೆ ಪ್ರತಿ ಕಂಬಸಾಲು ಒಂದು ಚಾನೆಲ್.

"ಮೂರನೇ ಚಾನೆಲ್ ಒಂದೇ ಸಾಕು, ಉಳಿದದ್ದನ್ನ ಹಾರಿಸಿದರೆ ಬೇಗ ಆಗಲ್ವಾ?" ಅಂತ ಕೇಳಬಹುದು. ಆಗಲ್ಲ. ಆಪರೇಟಿಂಗ್ ಸಿಸ್ಟಂ ಡಿಸ್ಕಿನಿಂದ ಒಂದೊಂದೇ ಬೈಟ್ ತರಲ್ಲ, ಸಾಮಾನ್ಯವಾಗಿ ಕನಿಷ್ಠ 4,096 ಬೈಟಿನ ಪುಟ ತರತ್ತೆ. ಅದರೊಳಗೆ 512 ಸಲ ನಾಲ್ಕೂ ಚಾನೆಲ್ ಬಂದೇ ಬಂದಿರತ್ತೆ. ಎಲ್ಲಾ ಓದಿ ಬೇಡದ್ದನ್ನ ಬಿಡೋದೇ ವೇಗ.

5. ಲೂಪಿನ ಕೊನೆ

ಕೆಲಸದ ಸಾಲು ಹೀಗಿರತ್ತೆ:

ಫೈಲನ್ನ ಓದಲು ಮಾತ್ರ ತೆರೆ.
512 ಬೈಟ್ ದಾಟು.
ಒಂದು ತುತ್ತು ಓದು.
ಏನೂ ಬರಲಿಲ್ಲ ಅಂದ್ರೆ ನಿಲ್ಲು.
ಬಂದಷ್ಟನ್ನ ಲೆಕ್ಕಕ್ಕೆ ಸೇರಿಸು. ಎಷ್ಟು ಬಂತು ಅನ್ನೋದನ್ನೂ ಸೇರಿಸು.
ಮತ್ತೆ ಓದೋ ಹೆಜ್ಜೆಗೆ ಹೋಗು.

ನಾಲ್ಕನೇ ಸಾಲು ಸುಮ್ಮನೆ ಹಾಕಿದ್ದಲ್ಲ. "ಫೈಲ್ ಮುಗೀತಾ?" ಅಂತ ಕೇಳೋ ಎಫ್‌ಇಒಎಫ್ ಹೌದು ಅನ್ನೋದು ಕೊನೆಯನ್ನ ದಾಟಿ ಓದೋಕೆ ಹೋದ ಮೇಲೆ, ಕೊನೆಯನ್ನ ಮುಟ್ಟಿದಾಗ ಅಲ್ಲ. ನಮ್ಮ ಫೈಲು ಸರಿಯಾಗಿ 2,880 ತುತ್ತು. 2,880ನೆಯದು ಓದಿದ ಮೇಲೂ ಅದು "ಇನ್ನೂ ಇಲ್ಲ" ಅನ್ನತ್ತೆ. 2,881ನೇ ತುತ್ತು ಖಾಲಿ ಬರತ್ತೆ. ಮ್ಯಾಟ್‌ಲ್ಯಾಬಿನಲ್ಲಿ ಖಾಲಿ ಅರೇಯ ಸರಾಸರಿ ತೆಗೆದರೆ ಸಿಗೋದು ಸಂಖ್ಯೆಯಲ್ಲ ಅನ್ನೋ ಗುರುತು, ಅಂದ್ರೆ ನ್ಯಾನ್. ಅದನ್ನ ಮೊತ್ತಕ್ಕೆ ಕೂಡಿಸಿದರೆ 8 ಗಂಟೆಯ ಲೆಕ್ಕವೆಲ್ಲಾ ನ್ಯಾನ್.

ಸಿ ಬರೆಯೋರು ಇಲ್ಲಿ ಇನ್ನೊಂದು ಕಡೆ ಗಮನ ಕೊಡಬೇಕು. ಒಟ್ಟು ಬೆಲೆಗಳು 589,82,40,000. 32 ಬಿಟ್ ಇಂಟ್ ಹಿಡಿಯೋ ಗರಿಷ್ಠ 214,74,83,647. ಎಣಿಕೆಗೆ 64 ಬಿಟ್ ಬೇಕೇ ಬೇಕು. ವಿಂಡೋಸ್‌ನಲ್ಲಿ ಸಾಮಾನ್ಯ ಎಫ್‌ಸೀಕ್ ತಗೊಳ್ಳೋ ಲಾಂಗ್ ಕೂಡ 32 ಬಿಟ್ಟೇ, 64 ಬಿಟ್ ಯಂತ್ರದಲ್ಲೂ. ಫೈಲಿನ ಶುರುವಿಂದ ಜಿಗಿಯೋದಾದರೆ ನಮ್ಮ ಫೈಲಿನಲ್ಲಿ 1 ಗಂಟೆ 27 ನಿಮಿಷದ ಆಚೆಗೆ ಅದರಿಂದ ಆಗಲ್ಲ. ಅದಕ್ಕೇ ಅಂತ 64 ಬಿಟ್‌ನ ಬೇರೆ ಫಂಕ್ಷನ್ ಇದೆ, ಅದನ್ನ ಬಳಸಿ.

6. ಸರಾಸರಿಗಳ ಸರಾಸರಿ ಸರಾಸರಿ ಅಲ್ಲ

ಒಂದು ಸೆಕ್ಷನ್‌ನಲ್ಲಿ 60 ಜನ, ಸರಾಸರಿ 40 ಅಂಕ. ಇನ್ನೊಂದರಲ್ಲಿ 10 ಜನ, ಸರಾಸರಿ 80. ಎರಡರ ಸರಾಸರಿ 60 ಅನ್ನೋಕಾಗತ್ತಾ? ನಿಜವಾದದ್ದು 3,200 ಭಾಗಿಸು 70, ಅಂದ್ರೆ 45.7. ತುತ್ತುಗಳೂ ಹಾಗೇ: ಕೊನೆಯ ತುತ್ತು ಚಿಕ್ಕದಿದ್ದರೆ ತುತ್ತುಗಳ ಸರಾಸರಿಯ ಸರಾಸರಿ ತಪ್ಪಾಗತ್ತೆ. ಆರ್‌ಎಂಎಸ್ ಅಂತೂ ತುತ್ತುಗಳು ಸಮ ಇದ್ದರೂ ತಪ್ಪು, ಯಾಕಂದ್ರೆ ವರ್ಗಮೂಲ ಆಗಲೇ ತೆಗೆದುಬಿಟ್ಟಿರ್ತೀವಿ. ಸರಿಯಾದ ದಾರಿ: ಮೊತ್ತ, ವರ್ಗಗಳ ಮೊತ್ತ, ಎಣಿಕೆ ಈ ಮೂರನ್ನೇ ಮುಂದಕ್ಕೆ ಒಯ್ದು, ಭಾಗಾಕಾರ ಮತ್ತು ವರ್ಗಮೂಲ ಕೊನೆಗೆ ಒಂದೇ ಸಲ ಮಾಡೋದು.

ವರ್ಗ ಮಾಡೋ ಮುಂಚೆ ಟೈಪ್ ಬದಲಿಸೋದು ಮರೀಬಾರದು. 300ರ ವರ್ಗ 90,000. ಇಂಟ್16ನಲ್ಲೇ ಮಾಡಿದರೆ ಮ್ಯಾಟ್‌ಲ್ಯಾಬ್ 32,767ಕ್ಕೆ ನಿಲ್ಲಿಸತ್ತೆ, ನಂಪೈ ಸುತ್ತಿಕೊಂಡು 24,464 ಕೊಡತ್ತೆ.

ಮೀಡಿಯನ್ ಬೇಕಾದರೆ? ಅದಕ್ಕೆ ಎಲ್ಲಾ ಡೇಟಾವನ್ನ ಒಟ್ಟಿಗೆ ಸಾರ್ಟ್ ಮಾಡ್ಬೇಕಲ್ವಾ ಅನ್ಸತ್ತೆ. ಇಲ್ಲಿ ನಮಗೆ ಅದೃಷ್ಟ ಇದೆ: 16 ಬಿಟ್‌ನಲ್ಲಿ ಸಾಧ್ಯ ಇರೋ ಬೆಲೆಗಳೇ 65,536. ಪ್ರತಿ ಬೆಲೆಗೂ ಒಂದು ಡಬ್ಬಿ ಇಟ್ಟು, ಎಷ್ಟು ಸಲ ಬಂತು ಅಂತ ಎಣಿಸುತ್ತಾ ಹೋದರೆ ಸಾಕು. ಒಂದು ಚಾನೆಲ್‌ಗೆ 5,24,288 ಬೈಟ್, ಅಂದ್ರೆ ಅರ್ಧ ಎಂಬಿ. 8 ಗಂಟೆ ಮುಗಿದ ಮೇಲೆ ಆ ಡಬ್ಬಿಗಳಿಂದಲೇ ಮೀಡಿಯನ್, ಸರಾಸರಿ, ಆರ್‌ಎಂಎಸ್, ಕರ್ಟೋಸಿಸ್ ಎಲ್ಲಾ ಸಿಗತ್ತೆ; ಅಂದಾಜಲ್ಲ, ನಿಖರವಾಗಿ. ಆದರೆ ಯಾವುದು ಮೊದಲು ಬಂತು, ಯಾವುದು ಆಮೇಲೆ ಅನ್ನೋದು ಡಬ್ಬಿಗೆ ಗೊತ್ತಿರಲ್ಲ. ಅದಕ್ಕೇ ಮುಂದಿನ ಭಾಗ.

7. ಗಡಿಗಳು

2,880 ತುತ್ತು ಅಂದ್ರೆ 2,879 ಗಡಿ. ಬೈನರಿ ಫೈಲ್ ಓದೋರು ಜಾರಿ ಬೀಳೋದು ಹೆಚ್ಚಾಗಿ ಇಲ್ಲೇ.

ಬೇರಿಂಗಿನ ಹೊರ ಉಂಗುರದಲ್ಲಿ ಸಣ್ಣ ಗುಳಿ ಬಿದ್ದರೆ, ಪ್ರತಿ ಗುಂಡು ಅದರ ಮೇಲೆ ಹಾದಾಗಲೂ ಒಂದು ಚಿಕ್ಕ ಪೆಟ್ಟು ಕಾಣಿಸತ್ತೆ. ಪೆಟ್ಟುಗಳು ನಿಯಮಿತವಾಗಿ ಬರೋದೇ ದೋಷದ ಗುರುತು. ಅವನ್ನ ಹುಡುಕೋಕೆ ಮೊದಲು ಹೈಪಾಸ್ ಫಿಲ್ಟರ್ ಹಾಕ್ತೀವಿ. ಫಿಲ್ಟರ್‌ಗೆ ನೆನಪಿರತ್ತೆ: ಈಗಿನ ಔಟ್‌ಪುಟ್ ಹಿಂದಿನ ಸ್ಯಾಂಪಲ್‌ಗಳ ಮೇಲೂ ನಿಂತಿದೆ. ಪ್ರತಿ ತುತ್ತಿಗೂ ಫಿಲ್ಟರನ್ನ ಹೊಸದಾಗಿ ಶುರುಮಾಡಿದರೆ, ಹಿಂದೆಲ್ಲಾ ಸೊನ್ನೆ ಇತ್ತು ಅಂದುಕೊಂಡು ಅದು ಶುರುವಿನಲ್ಲೇ ಒಂದು ಸಲ ಜಿಗಿಯತ್ತೆ. ಅಂದ್ರೆ ಪ್ರತಿ 10 ಸೆಕೆಂಡಿಗೊಂದು ಸುಳ್ಳು ಪೆಟ್ಟು, ಗಡಿಯಾರದಷ್ಟು ನಿಯಮಿತವಾಗಿ! ಬೇರಿಂಗ್ ಚೆನ್ನಾಗಿದ್ದರೂ ನಮ್ಮ ಕೋಡೇ ಅದಕ್ಕೆ ರೋಗ ಅಂಟಿಸಿದ ಹಾಗೆ.

ಪರಿಹಾರ ಮ್ಯಾಟ್‌ಲ್ಯಾಬಿನ ಫಿಲ್ಟರ್ ಫಂಕ್ಷನ್‌ನಲ್ಲೇ ಇದೆ. ಅದು ಔಟ್‌ಪುಟ್ ಜೊತೆ ತನ್ನ ಕೊನೆಯ ಸ್ಥಿತಿಯನ್ನೂ ಕೊಡತ್ತೆ. ಅದನ್ನ ಮುಂದಿನ ತುತ್ತಿಗೆ ಆರಂಭದ ಸ್ಥಿತಿಯಾಗಿ ಕೊಟ್ಟರೆ ಗಡಿಯೇ ಇರಲಿಲ್ಲವೇನೋ ಅನ್ನೋ ಹಾಗೆ ಹರಿದುಕೊಂಡು ಹೋಗತ್ತೆ. ನಾಲ್ಕು ಚಾನೆಲ್‌ಗೆ ನಾಲ್ಕು ಪ್ರತ್ಯೇಕ ಸ್ಥಿತಿ. ಮುಂದಕ್ಕೂ ಹಿಂದಕ್ಕೂ ಓಡೋ ಫಿಲ್ಟ್‌ಫಿಲ್ಟ್ ಮಾತ್ರ ಹೀಗೆ ಒಗ್ಗಲ್ಲ, ಅದಕ್ಕೆ ಫೈಲಿನ ಕೊನೆ ಮೊದಲೇ ಬೇಕು.

ಪೆಟ್ಟು ಎಣಿಸೋದಕ್ಕೂ ಇದೇ ಯೋಚನೆ. ಮಿತಿ ದಾಟಿದ ಕೂಡಲೇ ಒಂದು ಪೆಟ್ಟು ಅಂತ ಎಣಿಸಿ, ಅದೇ ಪೆಟ್ಟಿನ ಅದುರು ಮತ್ತೆ ಎಣಿಕೆಗೆ ಬರದಿರಲಿ ಅಂತ ಮುಂದಿನ 5 ಮಿಲಿಸೆಕೆಂಡ್, ಅಂದ್ರೆ 256 ಸ್ಯಾಂಪಲ್, ಕಣ್ಣು ಮುಚ್ಚಿಕೊಳ್ತೀವಿ ಅಂತಿರಲಿ. (ಗುಂಡುಗಳು ಹಾದುಹೋಗೋ ಅಂತರ ಅದಕ್ಕಿಂತ ಹೆಚ್ಚಿರಬೇಕು ಅನ್ನೋದು ಷರತ್ತು.) ತುತ್ತಿನ ಕೊನೆಗೆ 100 ಸ್ಯಾಂಪಲ್ ಇರೋವಾಗ ಪೆಟ್ಟು ಬಿದ್ದರೆ ಇನ್ನೂ 156 ಸ್ಯಾಂಪಲ್ ಬಾಕಿ. ಆ 156 ಅನ್ನೋ ಸಂಖ್ಯೆ ಮುಂದಿನ ತುತ್ತಿಗೆ ದಾಟದಿದ್ದರೆ ಒಂದೇ ಪೆಟ್ಟು ಎರಡು ಸಲ ಎಣಿಕೆ ಆಗತ್ತೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಸ್ಟೇಟ್ ಮಷೀನ್ ಓದಿದ್ದು ನೆನಪಿದೆಯಲ್ಲ? ಇದೂ ಅದೇ. ಡೇಟಾ ಮರೆತುಹೋಗಬಹುದು, ಸ್ಥಿತಿ ಮರೆಯಬಾರದು.

8. ಮೆಮೊರಿ ಮ್ಯಾಪಿಂಗ್: ಯಾವಾಗ?

ಮ್ಯಾಟ್‌ಲ್ಯಾಬಿನ ಮೆಮ್‌ಮ್ಯಾಪ್‌ಫೈಲ್, ನಂಪೈಯ ಮೆಮ್‌ಮ್ಯಾಪ್ ಇವು ಫೈಲನ್ನೇ ಒಂದು ಅರೇ ಥರ ತೋರಿಸ್ತವೆ. ನಾವು ಮುಟ್ಟಿದ ಪುಟಗಳನ್ನ ಮಾತ್ರ ಆಪರೇಟಿಂಗ್ ಸಿಸ್ಟಂ ತಂದುಕೊಡತ್ತೆ. "5ನೇ ಗಂಟೆಯ 12ನೇ ನಿಮಿಷದಲ್ಲಿ ಏನಾಯ್ತು, ಆಮೇಲೆ ಮೊದಲ ನಿಮಿಷದಲ್ಲಿ ಹೇಗಿತ್ತು" ಅಂತ ಅಲ್ಲಲ್ಲಿ ಇಣುಕಿ ನೋಡೋಕೆ ಇದು ಬಹಳ ಅನುಕೂಲ. ಮೊದಲಿಂದ ಕೊನೆವರೆಗೆ ಒಮ್ಮೆ ಓದೋದಕ್ಕೆ ತುತ್ತಿನ ಲೂಪೇ ಸಾಕು.

ಆದರೆ ಇದು ಮಾಯಾಜಾಲ ಅಲ್ಲ. ಆ ಅರೇಯನ್ನ ಪೂರ್ತಿಯಾಗಿ 2.0ರಿಂದ ಗುಣಿಸಿದರೆ ಫಲಿತಾಂಶ ನಿಜವಾದ ಮೆಮೊರಿಯಲ್ಲೇ ನಿಲ್ಲಬೇಕು, ಅಲ್ಲಿಗೆ ಮತ್ತೆ ಮೊದಲಿನ ಕಥೆಯೇ. ಇನ್ನು 32 ಬಿಟ್ ಪ್ರೋಗ್ರಾಮಿಗೆ ಒಟ್ಟು ವಿಳಾಸಗಳೇ 4 ಜಿಬಿ. ನಮ್ಮ ಫೈಲು ಪೂರ್ತಿಯಾಗಿ ಮ್ಯಾಪ್ ಆಗೋದೇ ಇಲ್ಲ.

9. ಗ್ರಾಫ್ ಮತ್ತು ಕೊನೆಯ ಪರೀಕ್ಷೆ

ಪರದೆಯ ಅಗಲ 1,920 ಪಿಕ್ಸೆಲ್. ಒಂದು ಚಾನೆಲ್‌ನ 147 ಕೋಟಿ ಬಿಂದು ಅದರಲ್ಲಿ ಕೂರಲ್ಲ. ಸೆಕೆಂಡಿಗೊಂದು ಗರಿಷ್ಠ, ಒಂದು ಕನಿಷ್ಠ ಇಟ್ಟುಕೊಂಡರೆ 28,800 ಜೋಡಿ ಸಾಕು, ಒಂದು ಪೆಟ್ಟೂ ತಪ್ಪಿಹೋಗಲ್ಲ. 51,200 ಸ್ಯಾಂಪಲ್‌ಗೆ ಒಂದರಂತೆ ಆರಿಸಿದರೆ ಹೆಚ್ಚುಕಡಿಮೆ ಎಲ್ಲಾ ಪೆಟ್ಟುಗಳೂ ತಪ್ಪಿಹೋಗ್ತವೆ.

ಈಗ ಇದೆಲ್ಲಾ ಸರಿ ಇದೆ ಅಂತ ನಂಬೋದು ಹೇಗೆ? ಫೈಲಿನ ಮೊದಲ ಒಂದು ನಿಮಿಷ ಮಾತ್ರ ತಗೊಳ್ಳಿ, ಅದು 24.6 ಎಂಬಿ. ಅದನ್ನ ಪೂರ್ತಿ ಒಂದೇ ಸಲ ಮೆಮೊರಿಗೆ ತಂದು ಉತ್ತರ ತೆಗೆಯಿರಿ. ಆಮೇಲೆ ತುತ್ತಿನ ಕೋಡಲ್ಲಿ, ಬೇಕಂತಲೇ 7,919ರಂಥ ವಿಚಿತ್ರ ಗಾತ್ರ ಕೊಟ್ಟು ಓಡಿಸಿ. ಪೆಟ್ಟುಗಳ ಸಂಖ್ಯೆ, ಡಬ್ಬಿಗಳ ಎಣಿಕೆ ಎರಡರಲ್ಲೂ ಒಂದೇ ಇರಬೇಕು. ಆರ್‌ಎಂಎಸ್‌ನ ಕೊನೆಯ ಕೆಲವು ದಶಾಂಶ ಬೇರೆ ಬಂದರೆ ಚಿಂತೆಯಿಲ್ಲ, ಕೂಡಿಸೋ ಕ್ರಮ ಬದಲಾದಾಗ ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಹಾಗಾಗತ್ತೆ. ಪೆಟ್ಟು ಒಂದು ಹೆಚ್ಚು ಕಡಿಮೆ ಬಂದರೂ ಮಾತ್ರ ಗಡಿಯಲ್ಲಿ ತೂತಿದೆ ಅಂತಲೇ ಅರ್ಥ. ಮುಚ್ಚೋವರೆಗೂ ದೊಡ್ಡ ಫೈಲಿಗೆ ಹೋಗಬೇಡಿ.

ದೊಡ್ಡ ಓಟದಲ್ಲಿ ಪ್ರತಿ 100 ತುತ್ತಿಗೊಮ್ಮೆ ಮೊತ್ತಗಳು, ಡಬ್ಬಿಗಳು, ಫಿಲ್ಟರ್ ಸ್ಥಿತಿ, ಎಷ್ಟನೇ ತುತ್ತು ಅನ್ನೋದು, ಇವನ್ನ ಬೇರೊಂದು ಚಿಕ್ಕ ಫೈಲಿಗೆ ಉಳಿಸಿಕೊಳ್ಳಿ. ಕರೆಂಟ್ ಹೋದರೂ ಬ್ಯಾಟರಿ ಕೈಕೊಟ್ಟರೂ ಅಲ್ಲಿಂದಲೇ ಮುಂದುವರಿಸಬಹುದು. ಎಲ್ಲಾ ಸೇರಿ ಅದು ಕೆಲವೇ ಎಂಬಿ. 8 ಗಂಟೆಯ ಪರೀಕ್ಷೆಯಲ್ಲಿ ಬೇರಿಂಗ್ ಹೇಳಿದ್ದೆಲ್ಲದರ ಸಾರ ಅಷ್ಟರಲ್ಲಿ ಕೂರತ್ತೆ, ವಾಟ್ಸಾಪಲ್ಲೇ ಪ್ರಾಜೆಕ್ಟ್ ಗೆಳೆಯರಿಗೆ ಕಳಿಸಬಹುದು.